ಇಲ್ಲಪ್ಪ ಎಂಜಿನಿಯರ್ ಅಂಟಿಸಿದ ಗಾಜು

ಅವರ ವಿಷಯ ನನ್ನ ಕಿವಿಗೆ ಮೊದಲು ಬಿದ್ದದ್ದು ಬೈಗುಳವಾಗಿ. ಬೈದವನು ನಮ್ಮ ಬೀದಿಯ ಮೇಸ್ತ್ರಿ. ನಾನು ಅಂಗಡಿಯ ಬಾಗಿಲ ಬೆಳಕಿನಲ್ಲಿ ಕೂತು ಯಾರದೋ ಕೋಟಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದೆ. ಮೇಸ್ತ್ರಿ ಬೀದಿಯಲ್ಲಿ ನಿಂತು, ಕತ್ತೆತ್ತಿ ನಮ್ಮ ತಾರಸಿಯನ್ನು ಕಣ್ಣಲ್ಲೇ ಅಳೆಯುತ್ತ ಹೇಳಿದ:

"ಯಾರನ್ನ ಬೇಕಾದ್ರೂ ಕರೀರಿ ಸ್ವಾಮಿ, ಆ ಇಲ್ಲಪ್ಪನ್ನ ಮಾತ್ರ ಕರೀಬೇಡಿ. ಮನೆ ಮೇಲೆ ಕಾಗೆ ಕೂತ್ರೂ ಭಾರ ಜಾಸ್ತಿ ಆಯ್ತು ಅಂತಾನೆ."

"ಯಾರಯ್ಯ ಅದು ಇಲ್ಲಪ್ಪ?" ಎಂದರು ನಮ್ಮ ಯಜಮಾನರು. ಕತ್ತರಿ ನಿಲ್ಲಲಿಲ್ಲ.

"ಎಂಜಿನಿಯರು. ಮಹಡಿ ಕಟ್ಟಬಹುದಾ ಅಂದ್ರೆ, ಇಲ್ಲಪ್ಪ. ಈ ಗೋಡೆ ತೆಗೀಬಹುದಾ ಅಂದ್ರೆ, ಇಲ್ಲಪ್ಪ. ಅದಕ್ಕೇ ನಾವು ಮೇಸ್ತ್ರಿಗಳೆಲ್ಲ ಸೇರಿ ಆ ಹೆಸರಿಟ್ವಿ. ಅಪ್ಪ ಅಮ್ಮ ಏನಿಟ್ಟಿದ್ರೋ ಯಾರಿಗೂ ನೆನಪಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಕೆಲಸ ಬಂದರೂ ಇಲ್ಲ ಅನ್ನುವವನೊಬ್ಬ ನಮ್ಮೂರಲ್ಲೇ ಇದ್ದಾನಲ್ಲ ಅನ್ನುವುದು ಬಟ್ಟೆಯಲ್ಲಿ ಮರೆತ ಗುಂಡುಸೂಜಿಯ ಹಾಗೆ ಆಗಾಗ ಚುಚ್ಚುತ್ತಲೇ ಇತ್ತು.

ನಮ್ಮ ಮನೆ ಹೇಗಿತ್ತು ಅನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ. ಮುಂದಿನ ಹಜಾರವೇ ಹೊಲಿಗೆ ಅಂಗಡಿ. ಕಿಟಕಿಯ ಕೆಳಗೆ ಯಜಮಾನರು ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಮೂಲೆಯಲ್ಲಿ ಬಟ್ಟೆ ಗಂಟುಗಳ ರಾಶಿ. ಹಿಂದೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ. ಹಜಾರದಿಂದ ಒಳಕ್ಕೆ ಹೋಗುವ ಬಾಗಿಲಿನ ಪಕ್ಕ ನಮ್ಮ ಅತ್ತೆಯ ಮಂಚ. ಬೀದಿಯಲ್ಲಿ ಯಾರು ಹೋದರು, ಅಡುಗೆಮನೆಯಲ್ಲಿ ಏನು ಉಕ್ಕಿತು, ಎರಡೂ ಅಲ್ಲಿಂದ ಕಾಣುತ್ತಿತ್ತು. ಹೊಲಿಗೆ ಯಂತ್ರ ಓಡುತ್ತಿದ್ದರೆ ಅತ್ತೆಗೆ ನಿದ್ದೆ. ನಿಂತರೆ ಎಚ್ಚರ. "ಯಾಕೋ ನಿಲ್ಸಿದೆ?" ಎಂದು ಮಗನನ್ನು ಕೇಳುವರು. ಆ ಯಂತ್ರದ ಸದ್ದು ಈಗಲೂ ಮಧ್ಯಾಹ್ನದ ಹೊತ್ತು ನನ್ನ ಕಿವಿಯಲ್ಲಿ ಓಡುತ್ತದೆ.

ಆಗ ನಮ್ಮ ಮೈದುನನಿಗೆ ಮದುವೆ ಗೊತ್ತಾಗಿತ್ತು. ಇದ್ದ ಒಂದು ಕೋಣೆಯಲ್ಲಿ ನಾವು. ಅವನು ರಾತ್ರಿ ಕತ್ತರಿಸುವ ಮೇಜಿನ ಮೇಲೇ ಹಾಸಿಗೆ ಬಿಚ್ಚುತ್ತಿದ್ದ. ಹೆಂಡತಿಯನ್ನು ಕರೆತಂದು ಮೇಜಿನ ಮೇಲೆ ಮಲಗಿಸಲಾದೀತೇ? ಹಜಾರದ ಮೇಲೆ ಮಹಡಿ ಎಬ್ಬಿಸಬೇಕು, ಇಲ್ಲವೇ ಅವನು ಬೇರೆ ಮನೆ ನೋಡಬೇಕು. ಅತ್ತೆಗೆ ಆ ಎರಡನೆಯ ಮಾತು ಕೇಳಿದರೆ ಆಗುತ್ತಿರಲಿಲ್ಲ. ಅವರು ಬದುಕಿನಲ್ಲಿ ದೊಡ್ಡದೇನನ್ನೂ ಬಯಸಿದವರಲ್ಲ. ಇಬ್ಬರು ಮಕ್ಕಳೂ ಒಂದೇ ಸೂರಿನ ಕೆಳಗಿರಬೇಕು, ಅಷ್ಟೆ. "ಇವನು ಆಚೆ ಹೋದ್ರೆ ನನ್ನ ಮಂಚಾನ ಬೀದಿ ಮಧ್ಯೆ ಹಾಕಿ" ಎನ್ನುತ್ತಿದ್ದರು.

ಮೇಸ್ತ್ರಿ ನಾಳೆಯೇ ಶುರು ಮಾಡಲು ತಯಾರಿದ್ದ. ಮೈದುನ ಅವಸರಪಟ್ಟು ಇಟ್ಟಿಗೆಯನ್ನೂ ತರಿಸಿ ಮನೆಮುಂದೆ ಜೋಡಿಸಿಬಿಟ್ಟಿದ್ದ. ಆದರೆ ಹಜಾರದ ಮೂಲೆಯ ಗೋಡೆಯಲ್ಲಿ ಒಂದು ಬಿರುಕಿತ್ತು. ಹೊಸದಲ್ಲ. ಹಳೆಯ ನೆಂಟನ ಹಾಗೆ ಇದ್ದುಬಿಟ್ಟಿತ್ತು, ಯಾರೂ ಮಾತಾಡಿಸುತ್ತಿರಲಿಲ್ಲ.

"ಈ ಬಿರುಕಿನ ಮೇಲೆ ಮಹಡಿನಾ? ಯಾರಾದ್ರೂ ಎಂಜಿನಿಯರಿಗೆ ಒಂದ್ಸಲ ತೋರಿಸಿ ಅಂದ್ರೆ" ಎಂದೆ ನಾನು.

"ತೋರಿಸೋಣ ಬಿಡಿ ಅತ್ತಿಗೆ. ಗೋಡೆಗೆ ಜಾತಕಾನೂ ಬರೆಸೋಣ" ಎಂದ ಮೈದುನ. ಆದರೂ ಅಣ್ಣನ ಮುಖ ನೋಡಿ ಒಪ್ಪಿಕೊಂಡ.

ಮೊದಲು ಹೋದದ್ದು ಬಟ್ಟೆ ಅಂಗಡಿಯವರ ಅಳಿಯನ ಹತ್ತಿರ. ಮಾವನೇ ಹೇಳಿಕಳಿಸಿದ್ದರು, ನಮ್ಮ ಅಳಿಯಂದಿರೂ ಎಂಜಿನಿಯರೇ ಎಂದು. ದೊಡ್ಡ ಮೇಜು, ತಲೆಯ ಮೇಲೆ ಫ್ಯಾನು, ಕೈಗೆ ಮಸಿ ತಾಗದ ಹಾಗೆ ಹಿಡಿದ ಪೆನ್ನು. ನಾವು ಕೂರುವಷ್ಟರಲ್ಲಿ ಹಾಳೆಯ ಮೇಲೆ ಮನೆ ಎದ್ದು ನಿಂತಿತ್ತು. ಮಹಡಿಗೆ ಮುಂದುಗಡೆ ಕಟಕಟೆ ಬೇರೆ.

"ಮನೆ ನೋಡೋಕೆ ಯಾವಾಗ ಬರ್ತೀರಪ್ಪ?" ಎಂದು ಕೇಳಿದೆ.

"ಯಾಕಮ್ಮ? ಆ ಬೀದಿ ಮನೆಗಳೆಲ್ಲ ಒಂದೇ ಥರ. ನಾನು ಸಹಿ ಹಾಕಿ ಕೊಡ್ತೀನಿ, ನಿಮ್ಮ ಮೇಸ್ತ್ರಿ ನೋಡ್ಕೋತಾನೆ."

ಹೊರಡುವಾಗ ಅವರ ಹೆಂಡತಿ ನೀರು ತಂದುಕೊಟ್ಟು, ನಮ್ಮವರು ಇಲ್ಲದಿದ್ದರೆ ಊರಿಗೆ ನೀರೇ ಇಲ್ಲ, ಪಂಪುಗಳೆಲ್ಲ ಇವರ ಕೈಯಲ್ಲೇ ಇರುವುದು ಎಂದು ಹೆಮ್ಮೆಯಿಂದ ಹೇಳಿದರು. ಬೀದಿ ತಿರುಗಿದ್ದೇ ನಾನು ಬಾಯಿ ಬಿಟ್ಟೆ.

"ಪಂಪಿನ ಎಂಜಿನಿಯರು ಕಣ್ರೀ ಅವರು."

"ಎಂಜಿನಿಯರ್ ಅಂದ್ಮೇಲೆ ಎಂಜಿನಿಯರೇ ಅಲ್ವೇನೇ?"

"ಹಾಗಾದ್ರೆ ಕಣ್ಣು ನೋವು ಬಂದಾಗ ಹಲ್ಲಿನ ಡಾಕ್ಟರ ಹತ್ರ ಹೋಗಿ. ಅವರೂ ಡಾಕ್ಟರೇ."

ಯಜಮಾನರು ಹೆಜ್ಜೆ ಬಿರುಸು ಮಾಡಿದರು. ನಾನು ಬಿಡಲಿಲ್ಲ. "ಹೋಗ್ಲಿ, ಗಿರಾಕಿ ಮೈ ಅಳೀದೆ ನೀವು ಕೋಟು ಕತ್ತರಿಸ್ತೀರಾ? ಆ ಬೀದಿಯವರೆಲ್ಲ ಒಂದೇ ಥರ ಅಂತೀರಾ?"

ನಡೆಯುತ್ತಿದ್ದವರು ನಿಂತೇಬಿಟ್ಟರು. ದರ್ಜಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಆಮೇಲೆ ನಗು ಬಂತು ಅವರಿಗೆ. "ನಡಿ, ಆ ಇಲ್ಲಪ್ಪನ ಹತ್ರಾನೇ ಹೋಗೋಣ. ಅವನಾದ್ರೂ ಅಳತೆ ತಗೊಂಡು ಇಲ್ಲ ಅಂತಾನೋ, ಅಳೀದೇ ಇಲ್ಲ ಅಂತಾನೋ ನೋಡೋಣ."

ಇಲ್ಲಪ್ಪನವರ ಕಚೇರಿ ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆ. ಅವರೇ ಹೊಸ್ತಿಲಲ್ಲಿ ಕೂತು ಚಪ್ಪಲಿಯ ಮಣ್ಣು ಕೆರೆಯುತ್ತಿದ್ದರು. ತೆಳ್ಳಗಿನ ಮನುಷ್ಯ, ಉದ್ದ ಕೈ. ನನ್ನ ಕಣ್ಣು ಹೋದದ್ದು ಅವರ ಅಂಗಿಯ ಜೇಬಿನ ಕಡೆ. ಜೇಬು ಒಂದು ಕಡೆ ಜೋತುಬಿದ್ದು, ಮೂಲೆಯ ಹೊಲಿಗೆ ಕಿತ್ತಿತ್ತು. ಒಳಗೆ ದಾರ ಸುತ್ತಿದ ಕಬ್ಬಿಣದ ಗುಂಡು, ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವುದಕ್ಕೆ. ದಿನಾ ಹೊತ್ತು ತಿರುಗದೆ ಜೇಬು ಹಾಗೆ ಜೋಲುವುದಿಲ್ಲ. ಬಟ್ಟೆ ಸುಳ್ಳು ಹೇಳುವುದಿಲ್ಲ ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

ಯಜಮಾನರು ವಿಷಯ ಹೇಳಿದರು. ಅವರು ಇಲ್ಲ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

"ನೋಡದೆ ನಾನೇನು ಹೇಳ್ಲಿ? ಆದ್ರೆ ನಾನು ನಿಮ್ಮ ಮನೆ ನೋಡೋ ಮೊದಲು ನೀವು ನನ್ನ ನೋಡಬೇಕಲ್ಲ. ಲೈಸೆನ್ಸ್ ಕೊಡೋ ಕಚೇರಿಗೆ ಹೋಗಿ, ಕಟ್ಟಡದ ಭಾರ ಲೆಕ್ಕ ಹಾಕೋ ಎಂಜಿನಿಯರುಗಳಲ್ಲಿ ನನ್ನ ಹೆಸರು ಇದೆಯಾ ಕೇಳಿ. ನಾನು ಕಟ್ಟಿಸಿರೋ ಮನೇಲಿ ಇರೋರನ್ನ ಕೇಳಿ. ನಾನು ಬೇಡ ಅಂದ ಮನೆಯೋರನ್ನೂ ಕೇಳಿ. ಅವರು ಚೆನ್ನಾಗಿ ಬೈತಾರೆ, ಬೈಸ್ಕೊಂಡು ಬನ್ನಿ."

ಕಚೇರಿಗೆ ಯಜಮಾನರು ಹೋದರು. ಓದು ಬರಹ ಅಷ್ಟಕ್ಕಷ್ಟೇ ಇದ್ದ ನಾನು ಮನೆಗಳಿಗೆ ಹೋದೆ. ಬ್ರೆಡ್ಡು ಮಾಡುವವರ ಮನೆಯ ಹೆಂಗಸು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಮಹಡಿ ಮೇಲೆ ದೊಡ್ಡ ಒಲೆ ಹಾಕೋಣ ಅಂತಿದ್ವಿ ಕಣಮ್ಮ. ಆ ಮನುಷ್ಯ ಬೇಡ ಅಂದ. ನಮ್ಮವರು ಈಗಲೂ ಬೈತಾರೆ. ಬೈದುಬಿಟ್ಟು ಗೊರಕೆ ಹೊಡೀತಾರೆ. ಭಯ ಇದ್ದೋರಿಗೆ ಗೊರಕೆ ಬರುತ್ತಾ?" ನನಗೆ ಅಷ್ಟು ಸಾಕಾಯಿತು. ಯಜಮಾನರೂ ಕಚೇರಿಯಿಂದ ಬಂದು, ಹೆಸರಿದೆ ಎಂದರು.

ಅವರು ಬರುವ ದಿನ ಗೊತ್ತಾಯಿತು. ಆಗ ನಮ್ಮ ಮನೆಯಲ್ಲಿ ಒಂದು ಕೆಲಸ ನಡೆಯಿತು. ಈಗ ನೆನೆಸಿಕೊಂಡರೆ ಒಬ್ಬಳೇ ಇದ್ದರೂ ನಗು ಬರುತ್ತದೆ. ಅತ್ತೆ ಹಾಸಿಗೆಯಿಂದೆದ್ದು ಗೋಡೆ ನೋಡಿದರು.

"ಓದಿರೋ ಮನುಷ್ಯ ಮನೆಗೆ ಬರ್ತಾನೆ, ಗೋಡೆ ನೋಡ್ರೋ ಹೇಗಿದೆ. ಮರ್ಯಾದೆ ಬೇಡ್ವಾ? ಸುಣ್ಣ ಹೊಡೀರಿ."

ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಮನೆಗೆ ದೊಡ್ಡವರು ಬರುವಾಗ ಮನೆ ಒಪ್ಪವಾಗಿರಬೇಡವೇ? ಮೈದುನ ಬಿರುಕಿನೊಳಗೆ ಗಾರೆ ತುಂಬಿ ಮಟ್ಟ ಮಾಡಿದ. ಯಜಮಾನರು ಏಣಿ ಹಿಡಿದರು. ನಾನು ಸುಣ್ಣ ಕಲಸಿಕೊಟ್ಟೆ, ಕಣ್ಣಿಗೆ ಹಿತವಾಗಿರಲಿ ಎಂದು ಒಂದು ಚಿಟಿಕೆ ನೀಲಿಯನ್ನೂ ಹಾಕಿದೆ. ಸಂಜೆಗೆ ಗೋಡೆ ಹೊಸ ಮದುಮಗನ ಅಂಗಿಯ ಹಾಗೆ ಫಳಫಳ ಹೊಳೆಯಿತು.

ಇಲ್ಲಪ್ಪನವರು ಬಂದರು. ಹಸಿ ಸುಣ್ಣದ ವಾಸನೆ ಹಜಾರದ ತುಂಬ. ಗೋಡೆಯ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದರು, ಕೆಳಗಿಂದ ಮೇಲೆ ನೋಡಿದರು. ಬಂದ ನಗುವನ್ನು ತುಟಿ ಕಚ್ಚಿ ತಡೆದದ್ದು ನನಗೆ ಕಂಡಿತು.

"ಎಲ್ಲಿ ಬಿರುಕು?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

"ಅಮ್ಮ," ಎಂದರು ಅತ್ತೆಯ ಕಡೆ ತಿರುಗಿ, "ಕೆಮ್ಮಿನ ರೋಗಿಗೆ ಬಾಯಿ ಕಟ್ಟಿ ಡಾಕ್ಟರ ಮುಂದೆ ಕೂರಿಸಿದ ಹಾಗಾಯ್ತಲ್ಲ."

ಅತ್ತೆಗೆ ಮುಖ ಕೆಂಪಾಯಿತು. "ಗಲೀಜು ಗೋಡೆ ತೋರಿಸೋಕಾಗುತ್ತೇನಪ್ಪ ಬಂದೋರಿಗೆ?"

"ನಾನು ಗಲೀಜು ನೋಡೋಕೇ ಬರೋನು" ಎಂದು ಹೇಳಿ ಅವರು ಮೇಜಿನ ಮೇಲಿದ್ದ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣಗಳನ್ನು ಕೈಗೆ ತೆಗೆದುಕೊಂಡರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಟ್ಟರು. "ಬಿರುಕು ಎಲ್ಲಿತ್ತು, ಬರೀರಿ."

ಯಜಮಾನರು ಕಿಟಕಿಯ ಮೂಲೆಯಿಂದ ಕೆಳಕ್ಕೆ ನೀಲಿ ಗೆರೆ ಎಳೆದರು. ಮೈದುನ ನಕ್ಕು, ಅಲ್ಲೆಲ್ಲಿತ್ತಣ್ಣ ಎಂದು ನೆಲದ ಹತ್ತಿರ ಕೆಂಪು ಗೆರೆ ಎಳೆದ. ನಾನು ಎರಡರ ನಡುವೆ ಅಡ್ಡಡ್ಡ ಹಳದಿ ಗೆರೆ ಎಳೆದೆ. ಮೂವರಿಗೂ ಜಗಳವೇ ಆಯಿತು. ಅತ್ತೆ ಮಂಚದಿಂದಲೇ ಹೇಳಿದರು: "ಬಿರುಕೂ ಇರಲಿಲ್ಲ ಏನೂ ಇರಲಿಲ್ಲ. ಮಳೆಗಾಲದಲ್ಲಿ ಈ ಬಾಗಿಲು ಹಾಕ್ಕೊಳ್ಳಲ್ಲ, ಒದೀಬೇಕು. ಅಷ್ಟೇ ನನಗೆ ಗೊತ್ತು."

ಇಲ್ಲಪ್ಪನವರು ಚಿಕ್ಕ ಉಳಿಯಿಂದ ಹಸಿ ಗಾರೆಯನ್ನು ಮೆಲ್ಲಗೆ ಬಿಡಿಸಿದರು. ನಾವು ಬಾಳೆಹಣ್ಣಿನ ಸಿಪ್ಪೆ ಬಿಡಿಸುತ್ತೇವಲ್ಲ, ಅಷ್ಟು ಮೆಲ್ಲಗೆ. ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೆಲದ ತನಕ ಹೋಗಿತ್ತು. ನೀಲಿ ಎಳೆದಿದ್ದದ್ದೂ ಅದರ ಮೇಲೇ, ಹಳದಿಯೂ, ಕೆಂಪೂ.

"ಯಾರೂ ತಪ್ಪು ಬರೆದಿಲ್ಲ" ಎಂದರು. "ಇವರು ಯಂತ್ರದ ಮುಂದೆ ಕೂತು ನೋಡಿದ್ದಾರೆ. ನೀವು ಬಾಗಿಲಲ್ಲಿ ಕಾಜಾ ಹಾಕ್ತಾ ನೋಡಿದ್ದೀರಿ. ಇವರ ತಮ್ಮ, ಮೇಜಿನ ಮೇಲೆ ಮಲಗಿ ನೋಡಿದ್ದಾನೆ." ಆಮೇಲೆ ಅತ್ತೆಯ ಮಂಚದ ಹತ್ತಿರ ಹೋಗಿ ನೆಲದ ಮೇಲೇ ಕೂತುಬಿಟ್ಟರು. "ಬಾಗಿಲ ವಿಷಯ ಹೇಳಿದ್ರಲ್ಲ ಅಮ್ಮ, ಅದು ಇನ್ನೊಂದ್ಸಲ ಹೇಳಿ. ಈ ಮನೆ ಕಟ್ಟೋಕೆ ಮುಂಚೆ ಇಲ್ಲೇನಿತ್ತು?"

ಇಷ್ಟು ವರ್ಷದಲ್ಲಿ ಆ ಮಾತನ್ನು ಅತ್ತೆಯ ಬಳಿ ಯಾರೂ ಕೇಳಿರಲಿಲ್ಲ. ಅವರ ಕಣ್ಣು ಹಿಂದಕ್ಕೆ ಹೋಯಿತು. ಆಗ ಅಡುಗೆಮನೆ ಮತ್ತು ಕೋಣೆ ಮಾತ್ರ ಇತ್ತಂತೆ. ಮುಂದೆ ಖಾಲಿ ಜಾಗ, ಒಂದು ನುಗ್ಗೆಮರ, ಒಂದು ಬಾವಿ.

"ಬಾವಿ?" ಎಂದರು ಯಜಮಾನರು.

"ನೀನು ಹುಟ್ಟೋ ಮುಂಚೆ ಕಣೋ. ನೀರು ಕೆಟ್ಟಿತ್ತು. ನಿಮ್ಮಪ್ಪ ಕಸ ಕಡ್ಡಿ, ಮುರಿದ ಹೆಂಚು, ಮಣ್ಣು ಎಲ್ಲ ಹಾಕಿ ಮುಚ್ಚಿಸಿದ್ರು. ಅದರ ಮೇಲೇ ಹಜಾರ ಬಂತು." ಕೈ ಚಾಚಿ ಮೂಲೆ ತೋರಿಸಿದರು. ಬಟ್ಟೆ ಗಂಟುಗಳ ರಾಶಿ ಕೂತಿದ್ದ ಮೂಲೆ ಅದೇ.

ಮರುದಿನ ಇಲ್ಲಪ್ಪನವರೇ ನಿಂತು ಗೋಡೆಯ ಪಕ್ಕ ಒಂದು ಗುಂಡಿ ತೆಗೆಸಿ ಪಾಯ ನೋಡಿದರು. ಆಮೇಲೆ ಜೇಬಿನಿಂದ ತೆಳ್ಳನೆಯ ಗಾಜಿನ ಪಟ್ಟಿಗಳನ್ನು ತೆಗೆದು, ಬಿರುಕಿಗೆ ಅಡ್ಡವಾಗಿ, ಎರಡೂ ತುದಿಗೆ ಗಾರೆಯಿಟ್ಟು ಅಂಟಿಸಿದರು. ಬಿರುಕು ಸತ್ತಿದ್ದರೆ, ಅಂದರೆ ಬೆಳೆಯುವುದು ನಿಂತಿದ್ದರೆ, ಗಾಜು ಹಾಗೇ ಇರುತ್ತದೆ, ಬದುಕಿದ್ದರೆ ಗಾಜು ಒಡೆಯುತ್ತದೆ. ಮಳೆಗಾಲ ಮುಗಿಯುವ ತನಕ ಕಾಯಬೇಕು. ಬಟ್ಟೆ ಗಂಟುಗಳನ್ನು ಅಲ್ಲಿಂದ ತೆಗೆದುಬಿಡಬೇಕು.

"ಮಳೆಗಾಲಾನಾ? ಅಷ್ಟರಲ್ಲಿ ನನ್ನ ಮದುವೆ ಆಗೋಗಿರುತ್ತೆ ಸ್ವಾಮಿ" ಎಂದ ಮೈದುನ. "ಅಲ್ಲೀವರೆಗೆ ಮಹಡಿ ಕೆಲಸ ಶುರು ಮಾಡಿರ್ತೀವಿ."

"ಇಲ್ಲಪ್ಪ" ಎಂದರು ಅವರು.

ಅದು ಅವರ ಬಾಯಿಂದ ನಾನು ಕೇಳಿದ ಮೊದಲನೇ ಇಲ್ಲಪ್ಪ. ಬೈದ ಹಾಗಿರಲಿಲ್ಲ. ಬಿಸಿ ಪಾತ್ರೆಗೆ ಕೈಹಾಕುವ ಮಗುವಿಗೆ ಹೇಳಿದ ಹಾಗಿತ್ತು. ಮೈದುನ ಚಪ್ಪಲಿ ಮೆಟ್ಟಿ ಹೊರಟುಹೋದ.

ಆ ಮಳೆಗಾಲ ಮನೆಯಲ್ಲಿ ಮಾತು ಕಡಿಮೆ, ಮುನಿಸು ಜಾಸ್ತಿ. ಮೇಸ್ತ್ರಿ ಆಗಾಗ ಬಂದು ಇಟ್ಟಿಗೆ ರಾಶಿಯ ಮೇಲೆ ಕೂತು, "ಗಾಜು ಏನಂತಿದೆ ಅಮ್ಮ? ಊಟ ಮಾಡ್ತಾ?" ಎಂದು ಕೇಳಿಹೋಗುವನು. ಮದುವೆ ಆಯಿತು. ಹೊಸ ಹುಡುಗಿಯನ್ನು ಎದುರು ಸಾಲಿನ ಒಂದು ಬಾಡಿಗೆ ಕೋಣೆಗೆ ಕರೆತಂದರು. ಅತ್ತೆ ಮಗನ ಹೊಸ ಮನೆಗೆ ಕಾಲಿಡಲಿಲ್ಲ. ಮಂಚವನ್ನು ಮಾತ್ರ ಸ್ವಲ್ಪ ತಿರುಗಿಸಿ ಹಾಕಿಸಿಕೊಂಡರು, ಆ ಕೋಣೆಯ ಕಿಟಕಿ ಕಾಣುವ ಹಾಗೆ. ಅಲ್ಲಿ ದೀಪ ಆರಿದ ಮೇಲೆ ಇವರು ಮಲಗುತ್ತಿದ್ದದ್ದು. ನನ್ನ ಮೇಲೂ ಕೋಪವಿತ್ತು. "ಇವಳು ಹುಡುಕಿ ತಂದ ಎಂಜಿನಿಯರು" ಎಂದು ಬಂದವರಿಗೆಲ್ಲ ಹೇಳುವರು. ಯಜಮಾನರಿಗೂ ಮನಸ್ಸು ಅತ್ತ ಇತ್ತ ಆಗುತ್ತಿತ್ತು. ಒಮ್ಮೆ ಕತ್ತರಿ ಕೆಳಗಿಟ್ಟು, "ನಾವು ಜಾಸ್ತಿ ಹೆದರಿಬಿಟ್ವೇನೋ" ಎಂದರು. ನನಗೂ ಗೊತ್ತಿರಲಿಲ್ಲ. ದಿನಾ ಕಸ ಗುಡಿಸುವಾಗ ಗಾಜುಗಳನ್ನು ನೋಡುವೆ. ಒಡೆಯದಿರಲಿ ಎಂದು ಬೇಡಿಕೊಳ್ಳಬೇಕೋ, ಒಡೆಯಲಿ ಎಂದು ಬೇಡಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ.

ಮಳೆ ಬಿಡುತ್ತ ಬಂದ ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ. ಮೈದುನ ಅಂಗಡಿ ಬಾಗಿಲು ತೆಗೆಯಲು ಬಂದಿದ್ದ. ಯಜಮಾನರು ಬಟ್ಟೆ ತರಲು ಹೋಗಿದ್ದರು. ಅತ್ತೆ ಇನ್ನೂ ರಾತ್ರಿಯ ನಿದ್ದೆಯಲ್ಲೇ ಇದ್ದರು. ಬಹಳ ಹೊತ್ತು ಯಂತ್ರದ ಸದ್ದು ಬರಲಿಲ್ಲವಲ್ಲ ಎಂದು ಬಂದು ನೋಡಿದರೆ, ಅವನು ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಅತ್ತಿಗೆ, ಒಡೀತು."

ನಡುವಿನ ಗಾಜು ಕೂದಲಿನಷ್ಟು ಸಣ್ಣಗೆ ಸೀಳಿತ್ತು. ಬೆರಳಾಡಿಸಿದರೆ ಮಾತ್ರ ಗೊತ್ತಾಗುವಷ್ಟು. ಯಾರೂ ನೋಡಿರಲಿಲ್ಲ. ಗಾಜಿನ ಚೂರು ಬದಲಿಸಿ ಅಂಟಿಸುವುದು ಅವನಂಥ ಕೈಗೆಲಸದವನಿಗೆ ಒಂದು ಕೆಲಸವೇ? ಮೇಲೆ ಮಹಡಿ, ಹೆಂಡತಿಗೊಂದು ಕೋಣೆ, ಅಮ್ಮನ ಕಣ್ಣೆದುರು ಬದುಕು, ಎಲ್ಲ ಆ ಗಾಜಿನ ಮೇಲಿತ್ತು. ಅವನು ಎದ್ದ. ಒದ್ದೆಯಾದ ಕಣ್ಣನ್ನು ತೋಳಿಗೆ ಒರೆಸಿಕೊಂಡ. "ಸೈಕಲ್ ತಗೊಂಡು ಹೋಗಿ ಇಲ್ಲಪ್ಪನವರನ್ನ ಕರ್ಕೊಂಡು ಬರ್ತೀನಿ" ಎಂದ. ಅವನ ಬಾಯಲ್ಲಿ ಆ ಹೆಸರಿಗೆ 'ಅವರು' ಸೇರಿದ್ದು ಅವತ್ತೇ.

ಇಲ್ಲಪ್ಪನವರು ಬಂದು ಗಾಜಿನ ಮೇಲೆ ಬೆರಳಾಡಿಸಿದರು. ಗುಂಡನ್ನು ಇಳಿಬಿಟ್ಟು ನೋಡಿದರು. ಆಮೇಲೆ ಅತ್ತೆಯ ಮುಂದೆಯೇ ಹೇಳಿದರು, ಈ ಹಜಾರದ ಮೇಲೆ ಮಹಡಿ ಆಗದು ಎಂದು. ಮೂಲೆ ಇನ್ನೂ ಕೆಳಕ್ಕೆ ಕೂರುತ್ತಿದೆ, ಭಾರ ಹೇರಿದರೆ ಮೇಲಿನವರೂ ಕೆಳಗಿನವರೂ ಒಟ್ಟಿಗೆ ಬಾವಿಗೆ ಇಳಿಯಬೇಕಾದೀತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

"ಅಮ್ಮ, ನಾನಿನ್ನೂ ಮುಗಿಸಿಲ್ಲ" ಎಂದರು ಅವರು. "ಹಿಂದಿನ ಕೋಣೆ, ಅಡುಗೆಮನೆ ಇರೋ ನೆಲ ಗಟ್ಟಿ. ಅಲ್ಲಿ ಬೇರೆ ಕಂಬ ನಿಲ್ಲಿಸಿ ಮೇಲೊಂದು ಕೋಣೆ ಮಾಡ್ಬಹುದು. ಅದಕ್ಕೆ ನಾನು ಹೂಂ ಅಂತೀನಿ. ಆದ್ರೆ ಮೊದಲು ಈ ಮೂಲೆ ಸರಿಯಾಗ್ಬೇಕು. ಮುಂದಿನ ಮಳೆ ಹೊತ್ತಿಗೆ ನಿಮ್ಮ ಮಗ ಮೇಲಿರ್ತಾನೆ."

ಅತ್ತೆ ತಿರುಗಲಿಲ್ಲ. ಗೋಡೆಗೇ ಹೇಳಿದ ಹಾಗೆ ಹೇಳಿದರು: "ಅಡುಗೆಮನೆ ಮೇಲೆ ಆದ್ರೆ ಬೆಚ್ಚಗಿರುತ್ತೆ."

ಕೆಲಸ ಮಾಡಿದವನು ಅದೇ ಮೇಸ್ತ್ರಿ. ಗೊಣಗುತ್ತಲೇ ಮಾಡಿದ, ಆದರೆ ಹೇಳಿದ ಹಾಗೆಯೇ ಮಾಡಿದ. ಬಾವಿಯ ಕಸವನ್ನೆಲ್ಲ ತೆಗೆದು ಗಟ್ಟಿಯಾಗಿ ತುಂಬಿಸಿದರು. ಗೋಡೆಯ ಕೆಳಗೆ ಹೊಸ ಪಾಯ ಕೊಡುವಾಗ ಒಂದೇ ಸಲ ಅಗೆಯಬಾರದಂತೆ. ಒಂದು ತುಂಡು ಅಗೆದು, ಕಟ್ಟಿ, ಅದು ಒಣಗಿ ಗಟ್ಟಿಯಾದ ಮೇಲೆ ಇನ್ನೊಂದು ತುಂಡು. ನಾನು ನೋಡುತ್ತ ನಿಂತು, "ಹಳೇ ಕೋಟಿನ ಅಂಚು ಬಿಚ್ಚಿ ಹೊಲಿಯೋ ಹಾಗೆ. ಪೂರ್ತಿ ಬಿಚ್ಚಿದ್ರೆ ಆಕಾರಾನೇ ಹೋಗುತ್ತೆ" ಎಂದೆ. ಇಲ್ಲಪ್ಪನವರು ಮೇಸ್ತ್ರಿಯ ಕಡೆ ತಿರುಗಿ, "ಕೇಳಿಸ್ತಾ? ಕಾಜಾದಮ್ಮ ಹೇಳಿದ ಹಾಗೆ ಮಾಡು" ಎಂದರು. ಅವತ್ತಿನಿಂದ ನಾನು ಕಾಜಾದಮ್ಮ. ಕೊನೆಯ ತನಕ ಅವರು ನನ್ನನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ.

ಅದೇ ಇಟ್ಟಿಗೆಯಲ್ಲಿ ಅಡುಗೆಮನೆಯ ಮೇಲೆ ಕೋಣೆ ಎದ್ದಿತು. ಮೈದುನ, ನನ್ನ ವಾರಗಿತ್ತಿ ಪಾತ್ರೆ ಪಡಗ ಹೊತ್ತು ಬೀದಿ ದಾಟಿ ಬಂದರು. ಅತ್ತೆ ಮಂಚವನ್ನು ಮತ್ತೆ ಮೊದಲಿನ ಹಾಗೆ ತಿರುಗಿಸಿಕೊಂಡರು. ಮೇಲೆ ಹೆಜ್ಜೆ ಸದ್ದಾದರೆ, "ಅವಳು ಎದ್ದಳು, ನೀರು ಕಾಯಿಸು" ಎಂದು ನನಗೆ ಹೇಳುವರು. ಇಲ್ಲಪ್ಪನವರು ಬಂದಾಗ ನೆಲದಲ್ಲಿ ಕೂರಲು ಬಿಡಲಿಲ್ಲ. "ಇಲ್ಲಿ ಕೂತ್ಕೊಳಪ್ಪ" ಎಂದು ಮಂಚದ ತುದಿ ತಟ್ಟಿದರು. ಆ ಮಂಚದ ಮೇಲೆ ಅವರ ಮಕ್ಕಳು ಕೂರಲೂ ಹೆದರುತ್ತಿದ್ದರು.

ಆಮೇಲೆ ಎಷ್ಟೋ ವರ್ಷ ಅವರು ಮಳೆ ಮುಗಿದ ಮೇಲೊಮ್ಮೆ ತಪ್ಪದೆ ಬರುತ್ತಿದ್ದರು. ಹೊಸದಾಗಿ ಅಂಟಿಸಿದ ಗಾಜಿನ ಮೇಲೆ ಬೆರಳಾಡಿಸಿ, "ಮಲಗಿದೆ" ಎನ್ನುವರು. ಮಗುವಿನ ವಿಷಯ ಹೇಳಿದ ಹಾಗೆ. ಚಹಾ ಕುಡಿಯುವರು. ಯಜಮಾನರು ಅವರ ಅಂಗಿಗಳಿಗೆಲ್ಲ ಜೇಬಿನೊಳಗೆ ಇನ್ನೊಂದು ದಪ್ಪ ಬಟ್ಟೆ ಕೊಟ್ಟು ಹೊಲಿದರು. ಆದರೂ ಆ ಗುಂಡು ಅದನ್ನೂ ಜೋಲು ಬೀಳಿಸುತ್ತಿತ್ತು. "ನಿಮ್ಮ ಜೇಬಿಗೂ ಪಾಯ ಹಾಕ್ಬೇಕು" ಎಂದು ಯಜಮಾನರು, "ಭಾರ ತಡೆಯೋದಿಲ್ಲ, ಇಲ್ಲಪ್ಪ" ಎಂದು ಅವರು. ಇಬ್ಬರೂ ನಗುತ್ತಿದ್ದರೆ ಅತ್ತೆ ನಿದ್ದೆಯಿಂದೆದ್ದು, "ಯಂತ್ರ ಯಾಕೋ ನಿಲ್ಸಿದೆ?" ಎನ್ನುವರು. ಆ ಹಜಾರದಲ್ಲಿ ಆಗ ಎಷ್ಟು ಬೆಳಕಿತ್ತು ಅನ್ನಿಸುತ್ತದೆ ಈಗ. ಕಿಟಕಿ ಅದೇ, ಬಿಸಿಲೂ ಅದೇ.

ಮದುವೆ ಮಾಡಿಕೊಳ್ಳಲಿಲ್ಲ ಇಲ್ಲಪ್ಪನವರು. ಯಾಕೆ ಎಂದು ಅತ್ತೆ ಕೇಳಿಯೇಬಿಟ್ಟಿದ್ದರು. "ಹೆಣ್ಣಿನವರು ಕೇಳಿದ್ದಕ್ಕೆಲ್ಲ ಇಲ್ಲಪ್ಪ ಅಂದುಬಿಟ್ಟೆ ಅಮ್ಮ" ಎಂದರಂತೆ. ಅವರ ಅಕ್ಕ ಒಬ್ಬರಿದ್ದರು, ಹಳೆಯ ಮನೆಯಲ್ಲಿ ಇಬ್ಬರೇ.

ಅತ್ತೆ ಹೋದರು. ನಮ್ಮ ಯಜಮಾನರೂ ಹೋದರು. ಆ ದಿನಗಳಲ್ಲಿ ಬಂದವರೆಲ್ಲ ಏನೇನೋ ಸಮಾಧಾನ ಹೇಳಿದರು. ಇಲ್ಲಪ್ಪನವರು ಬಂದು ಯಂತ್ರದ ಮೇಲೆ ಕೈಯಿಟ್ಟು ನಿಂತರು. ಗೋಡೆಯ ಹತ್ತಿರ ಹೋಗಿ ಗಾಜು ಮುಟ್ಟಿ ನೋಡಿ, "ಮನೆ ಗಟ್ಟಿಯಾಗಿದೆ ಕಾಜಾದಮ್ಮ. ಆ ಕಡೆ ಯೋಚನೆ ಬೇಡ" ಎಂದು ಹೇಳಿ ಹೋದರು. ನನಗೆ ಆಗ ಬೇಕಾಗಿದ್ದದ್ದು ಅದೊಂದೇ ಮಾತಾಗಿತ್ತೇನೋ. ಅಂದು ನಿದ್ದೆ ಬಂತು.

ಅವರು ಕೊನೆಯ ಸಲ ಬಂದಾಗ ಮಳೆ ಮುಗಿದಿರಲಿಲ್ಲ. ಕೈಯಲ್ಲಿ ಕೋಲಿತ್ತು. ಕಣ್ಣಿಗೆ ಮಂಜು ಕವಿದಿತ್ತು, ಗಾಜನ್ನು ಹುಡುಕಲು ಗೋಡೆಯುದ್ದಕ್ಕೂ ಕೈಯಾಡಿಸಿದರು. ಜೇಬು ಮಟ್ಟಸವಾಗಿತ್ತು. ಗುಂಡು ಇರಲಿಲ್ಲ. ಯಜಮಾನರು ಕೂರುತ್ತಿದ್ದ ಸ್ಟೂಲು ಎಳೆದುಕೊಟ್ಟೆ.

"ನಮ್ಮನೆ ಗೋಡೆ ಬಿರುಕು ಬಿಟ್ಟಿದೆ ಕಾಜಾದಮ್ಮ" ಎಂದರು.

"ನೋಡಿದ್ರಾ?"

"ನೋಡಿದೆ. ಏನೂ ಇಲ್ಲ ಅನ್ನಿಸ್ತು. ಎರಡನೇ ಸಲ ನೋಡಿದೆ, ಆಗಲೂ ಏನೂ ಇಲ್ಲ ಅನ್ನಿಸ್ತು." ಕೋಲಿನ ತುದಿಯನ್ನು ನೆಲಕ್ಕೆ ಒತ್ತಿದರು. "ಬೇರೆಯವರ ಮನೆ ಆಗಿದ್ರೆ ನಾನು ಹಾಗೆ ಹೇಳ್ತಿರಲಿಲ್ಲ. ಅಕ್ಕ ಆ ಗೋಡೆ ಕೆಳಗೇ ಮಲಗ್ತಾಳೆ. ಅವಳನ್ನ ಎಬ್ಬಿಸಿ ಬೇರೆ ಕಡೆ ಕರ್ಕೊಂಡು ಹೋಗೋ ಶಕ್ತಿ ನನಗಿಲ್ಲ. ಅದಕ್ಕೇ ಕಣ್ಣು ಹಾಗೆ ಹೇಳ್ತಿದೆ. ನನ್ನ ಕಣ್ಣನ್ನ ನಾನೀಗ ನಂಬೋ ಹಾಗಿಲ್ಲ."

ನಾನು ಚಹಾ ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಒಬ್ಬ ಎಂಜಿನಿಯರ್ ಬೇಕು" ಎಂದರು. "ನೀವು ಆರಿಸಿಕೊಡಿ."

"ನಾನಾ? ನಿಮ್ಮ ಕೈಕೆಳಗೆ ಕಲಿತೋರು ಊರು ತುಂಬ ಇದ್ದಾರೆ."

"ಅವರೆಲ್ಲ ನನ್ನ ಮೇಲಿನ ಮರ್ಯಾದೆಗೆ, ಸಾರ್ ನೀವು ಹೇಳಿದ್ದೇ ಸರಿ ಅಂತಾರೆ. ನನಗೆ ಇಲ್ಲಪ್ಪ ಅನ್ನೋನು ಬೇಕು. ಅಂಥೋನನ್ನ ಹುಡುಕಿದ ಅನುಭವ ನಿಮಗಿದೆ. ನಾನು ಜನ್ಮದಲ್ಲಿ ಒಬ್ಬನನ್ನೂ ಹುಡುಕಿಲ್ಲ."

"ಆಗಲಿ" ಎಂದೆ. "ಮೊದಲು ಅವರ ಜೇಬು ನೋಡ್ತೀನಿ."

ಅವರು ನಕ್ಕರು. ಚಹಾ ಮುಗಿಸಿ, ಗೋಡೆ ಹಿಡಿದು ಎದ್ದರು. ಹೊಸ್ತಿಲ ತನಕ ಹೋದವರು, ಏನೋ ಮರೆತವರ ಹಾಗೆ ನಿಂತು ತಿರುಗಿದರು.

"ಇನ್ನೊಂದು ಕೆಲಸ ಇದೆ ಕಾಜಾದಮ್ಮ. ಆ ಎಂಜಿನಿಯರು ಬರೋ ದಿನ ನೀವು ಬೆಳಿಗ್ಗೇನೇ ನಮ್ಮನೆಗೆ ಬಂದುಬಿಡಿ. ನಿನ್ನೆ ಅಕ್ಕ ಸುಣ್ಣದ ಡಬ್ಬ ಎಲ್ಲಿದೆ ಅಂತ ಕೇಳ್ತಿದ್ದಳು. ನಾನು ಹೇಳಿದ್ರೆ ಅವಳು ಕೇಳಲ್ಲ. ಆ ಗೋಡೆಗೆ ಯಾರೂ ಕೈ ಹಚ್ಚದ ಹಾಗೆ ನೋಡ್ಕೊಳ್ಳಿ."